ನಾಳೆ ಎಂಟು ಗಂಟೆಗೆ ಕೆಲಸ

ಗುಡ್ಡದಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಬಂದಾಗ ಹೊನ್ನಿ ಪಂಚಾಯ್ತಿ ಕಚೇರಿಯಲ್ಲಿ ಕೂತು ಬೀದಿದೀಪದ ಕಡತಕ್ಕೆ ಸಹಿ ಹಾಕುತ್ತಿದ್ದಳು. ಸುದ್ದಿ ತಂದವಳು ಆಶಾ ಕಾರ್ಯಕರ್ತೆ ಗೀತಾ. ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದು ಮೇಜಿನ ಅಂಚು ಹಿಡಿದು ನಿಂತಳು.

“ಹೊನ್ನಕ್ಕ, ಒಂದಲ್ಲ, ಎರಡು. ಹೆಬ್ಬಲಸಿನ ಗುಡ್ಡದ ಮೇಲೆ. ಒಂದು ಸತ್ತು ಮೂರ್ನಾಲ್ಕು ದಿನ ಆಗಿರ್ಬೇಕು. ಅದರ ಮೇಲೆ ಯಾರೋ ಸೊಪ್ಪು ಮುಚ್ಚಿದಾರೆ.”

ಹೊನ್ನಿ ಪೆನ್ನಿನ ಮುಚ್ಚಳ ಹಾಕಿದಳು.

ಸಿದ್ದಾಪುರ ತಾಲೂಕಿನಲ್ಲಿ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚಳಿ ಕಳೆದು ಎಲೆ ಉದುರುವ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದರೆ, ಅವುಗಳ ಮೈಮೇಲೆ ರಕ್ತ ಹೀರುವ ಉಣುಗು ಇಳಿದು ಒಣ ಎಲೆಗಳ ನಡುವೆ ಸೇರಿಕೊಳ್ಳುತ್ತದೆ. ಅಲ್ಲಿ ಕೂತು ಎದ್ದವರಿಗೆ ಕಚ್ಚುತ್ತದೆ. ವಾರದೊಳಗೆ ಜ್ವರ, ತಲೆ ಸಿಡಿತ, ಕೆಲವರಿಗೆ ವಸಡಿನಲ್ಲಿ ರಕ್ತ. ಮಂಗನ ಕಾಯಿಲೆ. ಬೇಗ ಆಸ್ಪತ್ರೆ ಸೇರಿದವರು ಸಾಮಾನ್ಯವಾಗಿ ಉಳಿಯುತ್ತಾರೆ. ತಡಮಾಡಿದವರ ವಿಷಯ ಹೇಳಲಿಕ್ಕೆ ಬರುವುದಿಲ್ಲ.

ಹೊನ್ನಿ ಬಿಳಲಮಕ್ಕಿ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ. ಮೀಸಲಾತಿಯಿಂದ ಬಂದ ಕುರ್ಚಿ. ಅದಕ್ಕೆ ಮುಂಚೆ ಹದಿನೆಂಟು ಬೇಸಿಗೆ ಅವಳೂ ಅದೇ ಗುಡ್ಡದಲ್ಲಿ ದರಕು ಗುಡಿಸಿದವಳು. ದರಕು ಅಂದರೆ ಉದುರಿ ಒಣಗಿದ ಎಲೆ. ಅಡಿಕೆ ತೋಟದವರು ಅದನ್ನು ಕೊಂಡು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಕೆಳಗಿನಕೇರಿಯ ಮೂವತ್ತೊಂದು ಮನೆಗಳಿಗೆ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಅದರಿಂದಲೇ ಊಟ. ಹೊನ್ನಿಯ ಮನೆಯೂ ಆ ಮೂವತ್ತೊಂದರಲ್ಲಿ ಒಂದು.

ಪಕ್ಕದ ಕೋಣೆಯಿಂದ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ವಾಣಿಶ್ರೀ ಬಂದಳು. ಹಾವೇರಿ ಕಡೆಯವಳು, ಇಲ್ಲಿಗೆ ಬಂದು ವರ್ಷವಾಗಿತ್ತು.

“ಇವತ್ತ ಗುಡ್ಡ ಬಂದ್ ಮಾಡ್ಬೇಕ್ರಿ ಅಧ್ಯಕ್ಷರ. ಡಂಗುರ ಸಾರಿಸೂಣು, ಎಣ್ಣಿ ಬಾಟ್ಲಿ ಹಂಚೂಣು.”

“ಡಂಗುರ ಸಾರಿದ್ರೆ ಬಿಡ್ತಾರಾ ಮೇಡಂ? ರಸ್ತೆ ಬಿಟ್ಟು ಒಳದಾರಿ ಹಿಡೀತಾರೆ ಅಷ್ಟೇ. ನಾನಾದ್ರೂ ಹಂಗೇ ಮಾಡ್ತಿದ್ದೆ.”

ಆರೋಗ್ಯ ಇಲಾಖೆಯವರೂ ಪಶುವೈದ್ಯರೂ ಹನ್ನೆರಡಕ್ಕೆ ಬಂದು ಗುಡ್ಡ ಹತ್ತಿದರು. ಮಾದರಿ ತೆಗೆದುಕೊಂಡರು, ಮಂಗಗಳನ್ನು ಸುಟ್ಟರು, ಸುತ್ತ ಉಣುಗು ಸಾಯುವ ಪುಡಿ ಹೊಡೆದರು. ಹೊನ್ನಿಗೆ ಮಾತ್ರ ಗೀತಾ ಹೇಳಿದ ಒಂದು ಮಾತು ತಲೆಯಿಂದ ಇಳಿಯಲಿಲ್ಲ. ಯಾರೋ ಸೊಪ್ಪು ಮುಚ್ಚಿದ್ದಾರೆ. ಅಂದರೆ ಯಾರೋ ಮೂರು ದಿನದ ಹಿಂದೆಯೇ ನೋಡಿದ್ದಾರೆ.

ಎರಡು ಗಂಟೆಗೆ ಕೆಳಗಿನಕೇರಿಯ ಅಂಗನವಾಡಿ ಅಂಗಳದಲ್ಲಿ ಜನ ಸೇರಿದರು. ಕೆಲವರು ಆಗಷ್ಟೇ ಗುಡ್ಡದಿಂದ ಇಳಿದು ಬಂದಿದ್ದರು, ತಲೆಗೂದಲಲ್ಲಿ ಎಲೆಯ ಚೂರು ಹಾಗೇ ಇತ್ತು. ಹೊನ್ನಿಯ ಗಂಡ ಬಂಗಾರ್ಯ ಹಿಂದೆ ಹಲಸಿನ ಮರಕ್ಕೆ ಒರಗಿ ನಿಂತಿದ್ದ. ಗೀತಾ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆಯ ಬಾಟಲಿ ಎತ್ತಿ ಹಿಡಿದು, ಕಾಲಿಗೆ ಹೇಗೆ, ಕುತ್ತಿಗೆಗೆ ಹೇಗೆ ಎಂದು ಹಚ್ಚಿ ತೋರಿಸಿದಳು. ಅದು ಮುಗಿದ ಮೇಲೆ ವೆಂಕಮ್ಮ ಎದ್ದು ನಿಂತಳು.

ವೆಂಕಮ್ಮನಿಗೆ ಅರವತ್ತು ದಾಟಿದೆ. ದೂರದ ನೆಂಟಸ್ತಿಕೆಯಲ್ಲಿ ಹೊನ್ನಿಗೆ ಸೋದರತ್ತೆ. ಹೊನ್ನಿ ಮದುವೆಯಾಗಿ ಬಂದ ಮೊದಲ ವರ್ಷ ಬಲೆಗೆ ಎಲೆ ತುಂಬಿ ಹೊರೆ ಕಟ್ಟುವುದನ್ನು ಕಲಿಸಿದವಳು ಅವಳೇ.

“ಕೈಕಾಲಿಗೆ ಹಚ್ಚಕೆ ಎಣ್ಣೆ ಕೊಟ್ರಿ. ಹೊಟ್ಟೆಗೆ ಎಂತ ಹಚ್ಕಳಾದು, ಅದನ್ನ ಹೇಳು ಹೊನ್ನಿ.”

“ಹದಿನೈದು ದಿನ ಗುಡ್ಡ ಬಿಡಿ ಅಂತಷ್ಟೇ ಕೇಳ್ತಿರದು, ವೆಂಕಮ್ಮತ್ತೆ.”

“ಮೇಲಿನೂರಲ್ಲೂ ಹೋದ್ವರ್ಷ ಹದಿನೈದೇ ದಿನ ಅಂದಿದ್ರು. ಮಳೆ ಬಿದ್ರೂ ಬಿಡ್ಲಿಲ್ಲ. ತೋಟದವರು ಬೇರೆ ಕಡೆಯಿಂದ ಲಾರಿಲಿ ದರಕು ತರಿಸ್ಕಂಡ್ರು. ಆಮೇಲೆ ಆ ಊರಿನ ಹೆಂಗಸರನ್ನ ಕಳೆ ಕೀಳಕ್ಕೂ ಕರೀಲಿಲ್ಲ. ಜ್ವರದ ಕೇರಿ ಅಂತ ಹೆಸರಾತು. ನಮಗೂ ಆ ಹೆಸರು ತರ್ತೀಯಾ?”

ಹೊನ್ನಿ ಜನರ ಕಡೆ ತಿರುಗಿ ಕೇಳಿದಳು:

“ಯಾರ ಮನೇಲಾದ್ರೂ ಜ್ವರ ಇದೆಯಾ?”

ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಎಲ್ಲರೂ ನೆಲ ನೋಡಿದರು. ಗೀತಾ ಪಟ್ಟಿ ತೆಗೆದು ಮನೆಮನೆಯ ಹೆಸರು ಕೂಗಿದಳು. ವೆಂಕಮ್ಮನ ಸೊಸೆ ಮಾದೇವಿಯ ಹೆಸರಿಗೆ ಉತ್ತರ ಬರಲಿಲ್ಲ.

“ಅವಳು ತವರಿಗೆ ಹೋಗಿದಾಳೆ,” ಎಂದಳು ವೆಂಕಮ್ಮ. “ಯಲ್ಲಾಪುರದ ಚಂದಗುಳಿಗೆ. ಗಣಪಂಗೆ ಗಂಟೆ ಕಟ್ಟೋ ಹರಕೆ ಇತ್ತು.”

ಮಾತು ಸಹಜವಾಗಿಯೇ ಇತ್ತು. ಆದರೆ ಅದನ್ನು ಹೇಳುವಾಗ ವೆಂಕಮ್ಮ ಗೀತಾಳ ಕಡೆ ನೋಡಲಿಲ್ಲ, ಹಲಸಿನ ಮರದ ಕಡೆ ನೋಡಿದಳು.

ಸಭೆ ಚದುರಿತು. ಹೊನ್ನಿ ಅಂಗನವಾಡಿಯ ಹಿಂದೆ ಹೋಗಿ ಫೋನ್ ತೆಗೆದಳು. ಮಾದೇವಿಯ ಅಣ್ಣ ಒಮ್ಮೆ ರೇಷನ್ ಕಾರ್ಡಿನ ವಿಷಯಕ್ಕೆ ಪಂಚಾಯ್ತಿಗೆ ಬಂದಿದ್ದ. ಅವನ ನಂಬರ್ ಇತ್ತು.

“ಮಾದೇವಿ ಬಂದು ಮುಟ್ಟಿದ್ಲಾ ಅಂತ ಕೇಳಕೆ ಮಾಡ್ದೆ.”

“ಇಲ್ಲಿಗಾ?” ಎಂದ ಅವನು. “ಇಲ್ವಲ್ಲ ಅಕ್ಕ. ಸಂಕ್ರಾಂತಿ ಆದ್ಮೇಲೆ ಅವಳು ಬಂದೇ ಇಲ್ಲ. ಎಂತಕ್ಕೆ? ಎಂತ ಆತು?”

ಏನೋ ಹೇಳಿ ಫೋನ್ ಇಟ್ಟು ಮನೆಗೆ ನಡೆದಳು. ಬಂಗಾರ್ಯ ಮನೆಯ ಜಗುಲಿಯ ಮೇಲೆ ಕೂತು ಬಲೆಯ ಹರಿದ ಹಗ್ಗ ಕಟ್ಟುತ್ತಿದ್ದ. ಹೊನ್ನಿ ಎದುರು ನಿಂತದ್ದು ಗೊತ್ತಾದರೂ ತಲೆಯೆತ್ತಲಿಲ್ಲ.

“ಮಾದೇವಿ ಮನೇಲೇ ಇದಾಳೆ, ಅಲ್ದಾ?”

ಅವನ ಕೈ ನಿಂತಿತು.

“ಜ್ವರ ಯಾವಾಗಿಂದ?”

“ಗುರುವಾರ ಸಂಜೆಯಿಂದ.” ಧ್ವನಿ ಕೆಳಗಿತ್ತು. “ಕೇರಿಯವರೆಲ್ಲ ಕೂತು ಮಾತಾಡಿದ್ವಿ. ನಿಂಗೆ ಹೇಳ್ಬಾರ್ದು ಅಂತಲೇ ಮಾತಾಗಿತ್ತು. ನಿಂಗೆ ಗೊತ್ತಾದ್ರೆ ಸರ್ಕಾರಕ್ಕೆ ಗೊತ್ತಾದಂಗೆ ಅಂದ್ರು.”

“ಮಂಗನ ಮೇಲೆ ಸೊಪ್ಪು ಮುಚ್ಚಿದವರು ಯಾರು?”

ಬಂಗಾರ್ಯ ಬಲೆಯನ್ನು ಪಕ್ಕಕ್ಕಿಟ್ಟ. “ನಾನೇ,” ಎಂದ.

ಹೊನ್ನಿಗೆ ಸಿಟ್ಟು ಬರಲಿಲ್ಲ. ನಾಲ್ಕು ರಾತ್ರಿ ಇವನು ತನ್ನ ಪಕ್ಕದಲ್ಲೇ ಮಲಗಿದ್ದ. ಬೆಳಗ್ಗೆ ಎದ್ದು ಅದೇ ಗುಡ್ಡಕ್ಕೆ ಹೋಗಿ ಬಂದಿದ್ದ. ಅವನ ತೋಳನ್ನು, ಕುತ್ತಿಗೆಯನ್ನು ಒಮ್ಮೆ ಹುಡುಕಿ ನೋಡಬೇಕೆನಿಸಿತು. ನೋಡಲಿಲ್ಲ. ತಿರುಗಿ ವೆಂಕಮ್ಮನ ಮನೆಯ ಕಡೆ ನಡೆಯುತ್ತ ಗೀತಾಗೆ ಫೋನ್ ಮಾಡಿದಳು.

“ಒನ್ ನಾಟ್ ಎಯ್ಟ್‌ಗೆ ಹೇಳು. ಡಾಂಬರ್ ರಸ್ತೆವರೆಗೆ ಬರಲಿ. ಮಾದೇವಿಗೆ ನಾಲ್ಕು ದಿನದ ಜ್ವರ.”

ವೆಂಕಮ್ಮನಿಗೆ ಯಾರು ಹೇಳಿದರೋ, ಹೊನ್ನಿ ಬರುವಷ್ಟರಲ್ಲಿ ಬಾಗಿಲ ಚೌಕಟ್ಟಿಗೆ ಎರಡೂ ಕೈ ಊರಿ ನಿಂತಿದ್ದಳು. ಹಿಂದೆ ಕತ್ತಲ ಕೋಣೆ. ಒಳಗಿನಿಂದ ಸಣ್ಣಗೆ ನರಳುವುದು ಕೇಳುತ್ತಿತ್ತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಅಂಗಳದ ಬೇಲಿಯಾಚೆ ನಿಂತರು.

“ಒಳಗೆ ಬರ್ಬ್ಯಾಡ ಹೊನ್ನಿ. ನಾಳೆಗೆ ಜ್ವರ ಇಳೀತದೆ. ಕಷಾಯ ಕೊಟ್ಟೀನಿ.”

“ಬಾಯಲ್ಲಿ ರಕ್ತ ಬಂತಾ?”

ವೆಂಕಮ್ಮ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ರಕ್ತ ಬಂತಾ ಅತ್ತೆ?”

“ಇವತ್ತು ಬೆಳಗ್ಗಿಂದ.” ತಕ್ಷಣ ಧ್ವನಿ ಏರಿಸಿದಳು. “ಆಂಬ್ಯುಲೆನ್ಸ್ ಕೇರಿಗೆ ಬಂತು ಅಂದ್ರೆ ನಾಳೆ ಪೇಪರಲ್ಲಿ ಬತ್ತದೆ. ಮಗ ಇಸಳೂರಲ್ಲಿ ಯಾರದೋ ಹೊಸ ಮನೆಗೆ ಕಲ್ಲು ಹೊರ್ತಾ ಇದಾನೆ. ಇಲ್ಲಿ ನಾನು ದರಕು ಹೊರದಿದ್ರೆ ಈ ಮನೆ ನಡೇತದಾ? ಇವಳೊಬ್ಬಳಿಗಾಗಿ ಮೂವತ್ತೊಂದು ಮನೆ ಒಲೆ ಆರಿಸ್ತೀಯಾ? ಅವರನ್ನ ಕೇಳು. ಹಿಂದೆ ನಿಂತಾರಲ್ಲ, ಅವರನ್ನ ಕೇಳು.”

ಹೊನ್ನಿ ಹಿಂತಿರುಗಿ ನೋಡಿದಳು. ಎಲ್ಲ ಗೊತ್ತಿರುವ ಮುಖಗಳು. ಯಾರಲ್ಲೂ ದ್ವೇಷ ಇರಲಿಲ್ಲ. ಹೆದರಿಕೆ ಇತ್ತು. ಅವಳಿಗೂ ಹೆದರಿಕೆಯಾಗಿತ್ತು. ಏನು ಹೇಳುತ್ತಿದ್ದೇನೆಂದು ಪೂರ್ತಿ ಯೋಚಿಸುವ ಮೊದಲೇ ಮಾತು ಹೊರಬಿತ್ತು.

“ನಾಳೆ ಬೆಳಗ್ಗೆ ಎಂಟು ಗಂಟೆಗೆ ಊರ ಕೆರೆ ಹೂಳು ತೆಗೆಯೋ ಕೆಲಸ ಶುರು. ಉದ್ಯೋಗ ಖಾತ್ರಿಲಿ. ಮೂವತ್ತೊಂದು ಮನೆಗೂ ಕೆಲಸ. ಯಾರೂ ಗುಡ್ಡಕ್ಕೆ ಹೋಗದು ಬೇಡ.”

“ಆ ಕೆರೆ ಕಥೆ ಎರಡು ವರ್ಷದಿಂದ ಕೇಳ್ತಿದೀವಿ,” ಎಂದರು ಬೇಲಿಯಾಚೆಯಿಂದ ಯಾರೋ.

“ನಾಳೆ ಎಂಟಕ್ಕೆ ಕೆಲಸ ಇರದಿದ್ರೆ?” ಎಂದಳು ವೆಂಕಮ್ಮ.

“ಇರದಿದ್ರೆ ಎಲ್ಲರಿಗಿಂತ ಮುಂದೆ ನಾನೇ ಬಲೆ ಹಿಡಕಂಡು ಗುಡ್ಡಕ್ಕೆ ಹೋಗ್ತೀನಿ. ಅಧ್ಯಕ್ಷೆ ಮೇಲೆ ಕೇಸ್ ಹಾಕಿದ್ರೆ ಹಾಕ್ಲಿ.”

ವೆಂಕಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಚೌಕಟ್ಟಿನಿಂದ ಒಂದು ಕೈ ತೆಗೆದಳು. ಹೊನ್ನಿ ಅವಳ ಕಂಕುಳ ಕೆಳಗೆ ನುಗ್ಗಿ ಒಳಗೆ ಹೋದಳು. ಮಾದೇವಿ ಚಾಪೆಯ ಮೇಲೆ ಮುದುಡಿಕೊಂಡಿದ್ದಳು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು, ದಿಂಬಿನ ಮೇಲೆ ಕಂದು ಕಲೆ. “ಅಕ್ಕ, ತಲೆ,” ಎಂದಳು, ಅಷ್ಟೇ. ಬೇಲಿಯಾಚೆ ನಿಂತಿದ್ದವರಲ್ಲೇ ನಾಲ್ಕು ಜನ ಬಂದು ಅವಳನ್ನು ಕಂಬಳಿಯಲ್ಲಿ ಎತ್ತಿ ರಸ್ತೆಗೆ ಒಯ್ದರು. ಅವರಲ್ಲಿ ಒಬ್ಬ ಬಂಗಾರ್ಯ. ಆಂಬ್ಯುಲೆನ್ಸ್ ಸಿದ್ದಾಪುರದ ಕಡೆ ಹೊರಟಾಗ ನಾಲ್ಕೂಕಾಲು. ವೆಂಕಮ್ಮ ಅದರೊಳಗೆ ಸೊಸೆಯ ಕಾಲ ಬಳಿ ಕೂತಿದ್ದಳು.

ಕಚೇರಿಯಲ್ಲಿ ವಾಣಿಶ್ರೀ ವಿಷಯ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟಳು.

“ನಾಳಿಗೆ? ಹೆಂಗ ಮಾತು ಕೊಟ್ರಿ ಅಧ್ಯಕ್ಷರ? ಕೆರಿ ಕೆಲಸ ಕ್ರಿಯಾ ಯೋಜನ್ಯಾಗ ಐತಿ, ಖರೆ. ಆದ್ರ ಹೂಳು ಎಲ್ಲಿ ಹಾಕ್ತೀರಿ ಅಂತ ಎಂಜಿನಿಯರ್ ಕೇಳ್ಯಾರ. ಜಾಗಾದವರ ಒಪ್ಪಿಗಿ ಪತ್ರ ಇಲ್ದ ಅವರು ಸಹಿ ಹಾಕಂಗಿಲ್ರಿ. ಎರಡು ವರ್ಷ ಅದಕ್ಕ ನಿಂತೈತಿ.”

“ಜಾಗ ಹೆಗಡೇರದು.”

“ಅವರು ಕೊಡಂಗಿಲ್ಲ ಅಂದಾರಲ್ರಿ.”

“ಪತ್ರ ಸಿಕ್ರೆ?”

ವಾಣಿಶ್ರೀ ಗೋಡೆಯ ಗಡಿಯಾರ ನೋಡಿದಳು. “ಸಿಕ್ರ, ಎಂಜಿನಿಯರ್ ಕೈಕಾಲು ಹಿಡಿದು ಇವತ್ತ ಲಾಗಿನ್‌ನ್ಯಾಗ ಮಂಜೂರಿ ಮಾಡಿಸ್ಬಹುದು. ಮೂವತ್ತೊಂದು ಮನಿ ಅರ್ಜಿ ಬೇಕು, ಸಹಿ ಬೇಕು. ಹಾಜರಾತಿ ಪಟ್ಟಿ ತಗೀಬೇಕು. ನೆಟ್‌ವರ್ಕ್ ಇರ್ಬೇಕು.” ಉಸಿರು ಬಿಟ್ಟಳು. “ನಾನು ಅರ್ಜಿ ನೋಡ್ತೀನಿ. ನೀವು ಹೋಗ್ರಿ, ಹೊತ್ತು ಕಳೀಬ್ಯಾಡ್ರಿ.”

ನಾಗಪತಿ ಹೆಗಡೆಯವರು ಪಂಚಾಯ್ತಿಯ ಹಿರಿಯ ಸದಸ್ಯರು. ಕೆರೆಯ ಏರಿಗೆ ತಾಗಿದ ಹುಲ್ಲುಗಾವಲು ಅವರದು. ಹೊನ್ನಿ ಹೋದಾಗ ಅವರು ದರಕಿನ ಧೂಳು ಹಾರುತ್ತಿದ್ದ ಕೊಟ್ಟಿಗೆಯ ಎದುರು ನಿಂತು ಆ ದಿನ ಬಂದ ಹೊರೆಗಳನ್ನು ಒಳಗೆ ಹಾಕಿಸುತ್ತಿದ್ದರು. ಮೊದಲು ಅವಳನ್ನು ‘ಹೊನ್ನಿ’ ಎಂದು ಕರೆಯುತ್ತಿದ್ದವರು. ಅವಳು ಅಧ್ಯಕ್ಷೆಯಾದ ಮೇಲೆ ಹೆಸರನ್ನೇ ಬಿಟ್ಟಿದ್ದರು.

ಅವಳು ಹೇಳಿದ್ದನ್ನೆಲ್ಲ ಕೇಳಿ ತಲೆಯಾಡಿಸಿದರು. “ಮಾದೇವಿ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಅದಕ್ಕೂ ಇದಕ್ಕೂ ಎಂತ ಸಂಬಂಧ? ಹೂಳು ತಂದು ಸುರಿದ್ರೆ ನನ್ನ ಹುಲ್ಲು ಹೋಯ್ತು. ದನಕ್ಕೆ ಎಂತ ಹಾಕಲಿ? ಮೇಲಾಗಿ ಈಗ ಕೆರೆ ಕೆಲಸ ಹಿಡಿದ್ರೆ ದರಕು ತರೋರು ಯಾರು? ನಂಗೇನು ಜನಕ್ಕೆ ಜ್ವರ ಬರಲಿ ಅಂತ ಆಸೆಯಾ? ನನ್ನ ತೋಟವೂ ಉಳೀಬೇಕಲ್ಲ.”

“ಹೂಳು ಒಣಗಿದ ಮೇಲೆ ತೋಟಕ್ಕೇ ಹಾಕ್ಕಳಿ ಹೆಗಡೇರೆ. ದರಕಿಗಿಂತ ಒಳ್ಳೆ ಗೊಬ್ಬರ.”

“ಅದನ್ನ ಹೊರಿಸೋ ಖರ್ಚು?”

ಐದೂವರೆಯಾಗಿತ್ತು. ಆಗ ಅವರ ಹೆಂಡತಿ ಪರಿಮಳಾ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

“ಈ ದರಕು ಯಾವ ಗುಡ್ಡದ್ದು ಹೊನ್ನಿ?”

“ಹೆಬ್ಬಲಸಿನ ಗುಡ್ಡದ್ದೇ ಅಮ್ಮ. ಮಂಗ ಸಿಕ್ಕಿದ ಜಾಗದ್ದೇ.”

ಪರಿಮಳಾ ಬಕೆಟ್ ಕೆಳಗಿಟ್ಟಳು. ಗಂಡನ ಕಡೆ ತಿರುಗಿ ಮನೆಮಾತಿನಲ್ಲಿ ಹೇಳಿದಳು:

“ಕೇಳ್ಚಾ? ನಾಲ್ಕು ದಿನದಿಂದ ಆನು ಇದನ್ನೇ ಕೈಯಲ್ಲಿ ಹರಡ್ತಾ ಇದ್ದೆ. ಉಣುಗಿಗೆ ಅವರ ಮನೆ ನಮ್ಮನೆ ಹೇಳಿ ಎಂತದೂ ಗೊತ್ತಾಗ್ತಿಲ್ಲೆ. ಹುಲ್ಲು ಬರೋ ವರ್ಷ ಮತ್ತೆ ಬತ್ತು.”

ಹೆಗಡೆಯವರು ಕೊಟ್ಟಿಗೆಯ ಮೂಲೆಯಲ್ಲಿ ಆಳೆತ್ತರ ಬಿದ್ದಿದ್ದ ರಾಶಿಯನ್ನು ನೋಡಿದರು. ತಮ್ಮ ಪಂಚೆಯನ್ನು ನೋಡಿಕೊಂಡರು.

“ಹೊರೆ ಒಳಗೆ ಹಾಕೋದು ನಿಲ್ಲಿಸಿ,” ಎಂದರು ಆಳುಗಳಿಗೆ. ಆಮೇಲೆ ಒಳಗೆ ಹೋಗಿ ಬಿಳಿ ಕಾಗದ ತಂದು ಜಗುಲಿಯ ಮೇಲೆ ಕೂತು ಬರೆದರು. ಏರಿಯ ಪಕ್ಕದ ಇಪ್ಪತ್ತು ಗುಂಟೆ ಮಾತ್ರ, ಈ ಒಂದು ಸಲ ಮಾತ್ರ ಎಂದು ಎರಡು ಕಡೆ ಒತ್ತಿ ಬರೆದು ಸಹಿ ಹಾಕಿದರು. ಹೊನ್ನಿ ಹೊರಡುವಾಗ ಹಿಂದಿನಿಂದ, “ಗೀತಾನ್ನ ಇಲ್ಲಿಗೂ ಒಂದ್ಸಲ ಕಳಿಸಿ,” ಎಂದರು. ಅವಳಿಗೆ ಬಹುವಚನದಲ್ಲಿ ‘ಕಳಿಸಿ’ ಎಂದದ್ದು ಅವರಿಗೇ ಗೊತ್ತಾಯಿತೋ ಇಲ್ಲವೋ.

ಕೆಳಗಿನಕೇರಿಯಲ್ಲಿ ಗೀತಾ ಮನೆಮನೆ ಹತ್ತಿ ಇಳಿದು ಅರ್ಜಿಗೆ ಸಹಿ, ಹೆಬ್ಬೆಟ್ಟು ಹಾಕಿಸಿದಳು. ಮೂರು ಮನೆಯವರು ಬಾಗಿಲು ತೆಗೆಯಲಿಲ್ಲ. ಬಸ್ ತಂಗುದಾಣದ ಏರಿನ ಮೇಲೆ ಮಾತ್ರ ಇಂಟರ್ನೆಟ್ ಓಡುವಷ್ಟು ನೆಟ್‌ವರ್ಕ್ ಸಿಗುತ್ತಿತ್ತು. ವಾಣಿಶ್ರೀ ಅಲ್ಲಿ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಪತ್ರದ ಫೋಟೊ ಹೋಯಿತು. ಎಂಜಿನಿಯರ್ ಫೋನ್ ಎತ್ತಲಿಲ್ಲ. ವಾಣಿಶ್ರೀ ಮತ್ತೆ ಮತ್ತೆ ಮಾಡಿದಳು. ಐದನೆಯ ಸಲ ಎತ್ತಿದರು. ನಾಳೆ ನೋಡೋಣ ಎಂದರು. ಹೊನ್ನಿ ಫೋನ್ ತೆಗೆದುಕೊಂಡು ಮಾದೇವಿಯ ದಿಂಬಿನ ಮೇಲಿದ್ದ ಕಲೆಯ ವಿಷಯ ಹೇಳಿದಳು, ಇನ್ನೇನೂ ಹೇಳಲಿಲ್ಲ. ಏಳೂ ಇಪ್ಪತ್ತಕ್ಕೆ ಪರದೆಯ ಮೇಲೆ ಮಂಜೂರಿ ಬಿತ್ತು. ವಾಣಿಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಮಾರನೆಯ ದಿನ ಏಳೂವರೆಗೇ ಹೊನ್ನಿ ಕೆರೆಯ ಏರಿಯ ಮೇಲಿದ್ದಳು. ಗುದ್ದಲಿ, ಬುಟ್ಟಿ, ಕುಡಿಯುವ ನೀರಿನ ಕೊಡ, ಎಲ್ಲ ಇತ್ತು. ಎಂಟಕ್ಕೆ ಒಂಬತ್ತು ಜನ ಬಂದರು. ಉಳಿದವರು ಬರಲಿಲ್ಲ. ಕೆರೆಗೂ ಗುಡ್ಡಕ್ಕೂ ದಾರಿ ಕವಲೊಡೆಯುವಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೆಗಲ ಮೇಲೆ ಬಲೆ ಹಾಕಿಕೊಂಡು ನಿಂತಿದ್ದರು. ಈ ಕಡೆಯೂ ಬಾರದೆ, ಆ ಕಡೆಯೂ ಹೋಗದೆ.

ವಾಣಿಶ್ರೀ ಹಾಜರಾತಿ ಪಟ್ಟಿ ಹಿಡಿದು ಅಲ್ಲಿಗೇ ಹೋದಳು. “ನೋಡ್ರಿ, ನಿಮ್ಮ ಹೆಸರು ಅಚ್ಚಾಗೇತಿ. ಬರ್ರಿ.”

“ಹೆಸರು ಇರ್ತದೆ ಮೇಡಂ, ದುಡ್ಡು ಯಾವಾಗ?” ಎಂದನೊಬ್ಬ. “ದರಕು ಹೊತ್ರೆ ಸಂಜೆಗೇ ಕೈಗೆ ಬತ್ತದೆ.”

ವಾಣಿಶ್ರೀ ಸುಳ್ಳು ಹೇಳಲಿಲ್ಲ. “ಎರಡು ವಾರ ಆಗ್ತೈತ್ರಿ. ಹೆಚ್ಚೂ ಆಗ್ಬಹುದು.”

ಇಬ್ಬರು ಗುಡ್ಡದ ದಾರಿಗೆ ಹೆಜ್ಜೆ ಹಾಕಿದರು. ಅವರ ಹಿಂದೆ ಮತ್ತೊಬ್ಬ. ಹೊನ್ನಿ ಅಡ್ಡ ಹೋಗಲು ಏರಿಯಿಂದ ಇಳಿದು ಕವಲಿಗೆ ಓಡಿದಳು. ಅಷ್ಟರಲ್ಲಿ ಅವಳ ಫೋನ್ ಬಡಿಯಿತು. ಹೊಸ ನಂಬರ್. ಆ ಕಡೆ ವೆಂಕಮ್ಮ.

“ಹೊನ್ನಿ, ಕೆಲಸ ಶುರು ಆತಾ?”

“ಮಾದೇವಿ ಹೆಂಗಿದಾಳೆ ಅತ್ತೆ?”

“ಸಿದ್ದಾಪುರದಿಂದ ಮಣಿಪಾಲಕ್ಕೆ ತಂದ್ರು. ಐಸಿಯು ಒಳಗೆ ಇಟ್ಟಾರೆ. ಮಗ ಬಂದಾನೆ.” ಉಸಿರು ಎಳೆದುಕೊಂಡಳು. “ಕೆಲಸ ಶುರು ಆತಾ ಅಂತ ಕೇಳ್ದೆ.”

“ನಾನು ಇಲ್ಲೇ ಇದೀನಿ. ಜನ ಕವಲಲ್ಲಿ ನಿಂತಾರೆ.”

“ಅವರಿಗೆ ಕೇಳಂಗೆ ಮಾಡು.”

ಹೊನ್ನಿ ಸ್ಪೀಕರ್ ಹಾಕಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ವೆಂಕಮ್ಮನ ಧ್ವನಿ ಕರಕರನೆ ಬಂತು.

“ನಾನು ವೆಂಕಮ್ಮ. ಡಾಕ್ಟರು ನಂಗೆ ಬೈದ್ರು. ಇನ್ನೊಂದು ದಿನ ಬಿಟ್ಟಿದ್ರೆ ಹೆಣ ತರ್ತಿದ್ದಿ ಅಂದ್ರು. ಬಾಗಿಲಿಗೆ ಅಡ್ಡ ನಿಂತವಳು ನಾನು. ಯಾರ ಮನೇಲಾದ್ರೂ ಮೈ ಬಿಸಿ ಇದ್ರೆ ಇವತ್ತೇ ಹೇಳಿ. ಗುಡ್ಡಕ್ಕೆ ಹೋಗ್ಬ್ಯಾಡಿ.” ಒಂದು ಕ್ಷಣ ಬಿಟ್ಟು, “ಮಾದೇವಿ ನನ್ನ ಗುರುತು ಹಿಡೀತಿಲ್ಲ,” ಎಂದಳು. ಫೋನ್ ನಿಂತಿತು.

ಗುಡ್ಡದ ದಾರಿ ಹಿಡಿದಿದ್ದ ಮೂವರು ಅಲ್ಲೇ ನಿಂತಿದ್ದರು. ಮೊದಲು ಬಂಗಾರ್ಯ ಹೆಗಲಿನಿಂದ ಬಲೆ ತೆಗೆದು ಬೇಲಿಗೆ ಸಿಕ್ಕಿಸಿ ಕೆರೆಯ ಕಡೆ ಬಂದ. ಹೆಂಡತಿಯನ್ನು ನೋಡದೆಯೇ ಗುದ್ದಲಿ ಎತ್ತಿಕೊಂಡು ಕೆಳಗಿಳಿದ. ಆಮೇಲೆ ಒಬ್ಬೊಬ್ಬರಾಗಿ ಹೆಚ್ಚಿನವರು ಬಂದರು. ಆ ದಿನ ಪಟ್ಟಿಯಲ್ಲಿ ಇಪ್ಪತ್ತಾರು ಹಾಜರಿ ಬಿತ್ತು. ಮಧ್ಯಾಹ್ನದೊಳಗೆ ಇನ್ನೊಂದು ಮನೆಯವರು ಗೀತಾಳನ್ನು ಕರೆದು, ತಮ್ಮ ಅಜ್ಜನಿಗೆ ನಿನ್ನೆಯಿಂದ ಜ್ವರ ಎಂದು ಹೇಳಿದರು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಮಾದೇವಿಯದು ಮಂಗನ ಕಾಯಿಲೆಯೇ ಎಂದು ಮೂರನೆಯ ದಿನ ವರದಿ ಬಂತು. ಐದು ದಿನ ಅವಳಿಗೆ ಸರಿಯಾದ ಎಚ್ಚರವಿರಲಿಲ್ಲ. ಪತ್ರಿಕೆಯಲ್ಲಿ ಊರಿನ ಹೆಸರು ಬಂತು. ಎರಡು ತೋಟದವರು ಕೆಳಗಿನಕೇರಿಯವರನ್ನು ಕರೆಯುವುದನ್ನು ಬಿಟ್ಟರು. ಹದಿನೈದು ದಿನವಾದರೂ ಕೂಲಿ ಖಾತೆಗೆ ಬೀಳಲಿಲ್ಲ. ಮಹಿಳಾ ಸಂಘಗಳ ಒಕ್ಕೂಟದ ಕೈಕಾಲು ಹಿಡಿದು ಹೊನ್ನಿ ಪ್ರತಿ ಮನೆಗೆ ಅಕ್ಕಿ, ಬೇಳೆ ಕೊಡಿಸಿದಳು. ಆದರೂ ನಾಲ್ಕೈದು ಮನೆಯವರು ಬೆಳಕು ಹರಿಯುವ ಮುಂಚೆ ಗುಡ್ಡಕ್ಕೆ ಹೋಗಿ ಬರುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಅವರ ಮನೆಗಳಿಗೆ ಗೀತಾಳ ಕೈಯಲ್ಲಿ ಎರಡೆರಡು ಬಾಟಲಿ ಎಣ್ಣೆ ಕಳಿಸಿದಳು.

ಕೆರೆ ಕೆಲಸ ಶುರುವಾದ ಆರನೆಯ ದಿನ ಮಧ್ಯಾಹ್ನ ಬಂಗಾರ್ಯ ಬುಟ್ಟಿಯನ್ನು ಏರಿಯ ಮೇಲಿಟ್ಟು ಅದರ ಪಕ್ಕದಲ್ಲೇ ಕೂತ. ಹೊನ್ನಿ ಓಡಿ ಹೋದಳು. ಅವನು ಅವಳ ಕೈ ಹಿಡಿದು ತನ್ನ ಹಣೆಗೆ ಒತ್ತಿದ. ಒಲೆಯ ಹಾಗೆ ಸುಡುತ್ತಿತ್ತು.

“ಗೀತಂಗೆ ಫೋನ್ ಮಾಡು,” ಎಂದ. “ನಂಗೆ ಹೆದರಿಕೆ ಆಗ್ತದೆ ಕಣೆ.”

ಒಂದು ವಾರದಿಂದ ಇಬ್ಬರಲ್ಲೂ ಮಾತಿರಲಿಲ್ಲ. ಆಂಬ್ಯುಲೆನ್ಸ್ ಬರುವವರೆಗೆ ಹೊನ್ನಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಲಸ ನಿಲ್ಲಿಸಿದವರ ಎದುರಿಗೇ, ಸೆರಗನ್ನು ನೀರಲ್ಲಿ ಅದ್ದಿ ಅವನ ಮುಖ ಒರೆಸುತ್ತ ಕೂತಳು. ಅವನದೂ ಮಂಗನ ಕಾಯಿಲೆಯೇ ಆಗಿತ್ತು. ಆದರೆ ಮೊದಲ ದಿನವೇ ಸೇರಿದ್ದರಿಂದ ಸಿದ್ದಾಪುರದಲ್ಲೇ ವಾಸಿಯಾಗಿ ಹನ್ನೊಂದು ದಿನಕ್ಕೆ ಮನೆಗೆ ಬಂದ. ಜ್ವರದ ಅಜ್ಜನಿಗೆ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆ ವರ್ಷ ಬಿಳಲಮಕ್ಕಿಯಲ್ಲಿ ಯಾರೂ ಸಾಯಲಿಲ್ಲ.

ಮಾದೇವಿ ನಾಲ್ಕನೆಯ ವಾರ ಬಂದಳು. ಕೂದಲು ಉದುರಿತ್ತು, ನಡೆಯುವಾಗ ಗೋಡೆ ಹಿಡಿಯಬೇಕಿತ್ತು. ಮಾರನೆಯ ದಿನ ಹನ್ನೊಂದು ಗಂಟೆಗೆ ವೆಂಕಮ್ಮ ಪಂಚಾಯ್ತಿ ಕಚೇರಿಗೆ ಬಂದಳು. ಹೊನ್ನಿ ಕುರ್ಚಿ ಎಳೆದಳು. ವೆಂಕಮ್ಮ ಕೂರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲದಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಅದು ಕೆಲಸ ಕೇಳುವ ಅರ್ಜಿ. ಕೆಳಗೆ ಹೆಬ್ಬೆಟ್ಟು, ವಕ್ರವಕ್ರ ಸಹಿಗಳು. ಮೂವತ್ತೊಂದೂ ಇದ್ದವು, ಬಾಗಿಲು ತೆಗೆಯದ ಆ ಮೂರು ಮನೆಯವೂ.

“ಕೆರೆ ಕೆಲಸ ಇನ್ನು ನಾಲ್ಕು ದಿನಕ್ಕೆ ಮುಗೀತದೆ,” ಎಂದಳು. “ಮುಂದೆ ಎಂತ ಕೆಲಸ?”

ಹೊನ್ನಿ ಬಾಯಿ ತೆರೆಯುವಷ್ಟರಲ್ಲಿ ವೆಂಕಮ್ಮ ವಾಣಿಶ್ರೀಯ ಕಡೆ ತಿರುಗಿದಳು.

“ಅರ್ಜಿ ಕೊಟ್ರೆ ರಸೀತಿ ಕೊಡ್ಬೇಕಂತಲ್ಲ ಮೇಡಂ. ಹದಿನೈದು ದಿನದೊಳಗೆ ಕೆಲಸ ಕೊಡ್ಬೇಕಂತೆ. ಗೀತಾ ಹೇಳಿದ್ಲು.”

“ಹೌದ್ರೀ ಅಜ್ಜಿ, ಕೊಡ್ಬೇಕು,” ಎನ್ನುತ್ತ ವಾಣಿಶ್ರೀ ರಸೀತಿ ಪುಸ್ತಕ ತೆಗೆದಳು.

ವೆಂಕಮ್ಮ ರಸೀತಿಯನ್ನು ಕೈಗೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಕೊನೆಗೆ ಹೊನ್ನಿಯ ಕಡೆ ಚಾಚಿದಳು. “ತಾರೀಕು ಎಷ್ಟು ಹಾಕಿದಾರೆ ಓದು.”

ಹೊನ್ನಿ ಓದಿದಳು. ವೆಂಕಮ್ಮ ಬೆರಳು ಮಡಚಿ ಹದಿನೈದು ಎಣಿಸಿ, ಅದು ಯಾವ ವಾರ ಬರುತ್ತದೆಂದು ಕೇಳಿ ತಿಳಿದುಕೊಂಡಳು. ಆಮೇಲೆ ಮಾದೇವಿಯ ಮಾತ್ರೆ ತರಲು ಸಿದ್ದಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಳು.